ಅಕ್ಕ ಬಂದ ವಾರ ಮಗಳಿಗೆ ಹೇಳಿದ ಮಾತು

ಮಗಳು ನಮ್ಮ ಮನೆಗೆ ಬಂದಾಗ ಅವಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ತೊಂಬತ್ತರ ದಶಕದ ಆರಂಭ. ನಾನು ಪುಣೆಯ ಹಡಪಸರದ ಒಂದು ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮೇಲೆ ದುಡಿಯುತ್ತಿದ್ದೆ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಿರಲಿಲ್ಲ. ಪುಣೆಯ ಒಂದು ಅನಾಥಾಶ್ರಮದಿಂದ ಅವಳನ್ನು ಕರೆತಂದೆವು.

ಬರುವಾಗ ಬಸ್ಸಿನ ತುಂಬ ಅವಳದೇ ಮಾತು. ಎಮ್ಮೆ ಕಂಡರೆ ಎಮ್ಮೆ, ಟಾಂಗಾ ಕಂಡರೆ ಟಾಂಗಾ, ಎಲ್ಲವನ್ನೂ ಮರಾಠಿಯಲ್ಲಿ ಕೂಗಿ ಹೇಳುತ್ತಿದ್ದಳು. ನನ್ನ ಹೆಂಡತಿ ನಗುತ್ತಿದ್ದಳು. ನನಗೆ ಮಾತ್ರ ಒಳಗೊಳಗೇ ಅಂಜಿಕೆ. ಯಾಕೆಂದರೆ ಊರಿಗೆ ನಾನು ಬೇರೆಯೇ ಹೇಳಿ ಕಳಿಸಿದ್ದೆ. ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ, ಕನ್ನಡ ಮಾತಿನ ನಮ್ಮ ಜನದವರೊಬ್ಬರ ಕೂಸು, ತಂದೆತಾಯಿ ಇಲ್ಲ, ಅದಕ್ಕೇ ತಂದುಕೊಂಡೆವು ಎಂದು. ಜಾತಿ ಗೊತ್ತಿಲ್ಲದ ಮಗು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಎರಡು ತಿಂಗಳಿಗೆ ಆಳಂದದ ಹತ್ತಿರದ ನಮ್ಮೂರಿನಿಂದ ಅಕ್ಕ ಕೂಸನ್ನು ನೋಡಲು ಬಂದಳು. ಕನ್ನಡ ಒಂದಕ್ಷರ ಬಾರದ ಮಗು ಬಾಯಿ ತೆರೆದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅಕ್ಕನನ್ನು ಕರೆತರಲು ಸ್ಟೇಶನ್ನಿಗೆ ಹೊರಡುವ ಮುಂಚೆ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ನನ್ನ ಕಾರ್ಖಾನೆಯ ಮರಾಠಿಯಲ್ಲಿ, “ಪಾಹುಣೆ ಯೇಣಾರ. ಗಪ್ಪ ಬಸ್. ಬೋಲಾಯಚಂ ನಾಹಿ” ಎಂದೆ. ನೆಂಟರು ಬರುತ್ತಾರೆ, ಸುಮ್ಮನೆ ಕೂಡು, ಮಾತಾಡಬೇಡ ಎಂದು. ಅವಳು ತಲೆಯಾಡಿಸಿದಳು.

ಅಕ್ಕನಿಗೆ, “ಗಂಟಲ ಬ್ಯಾನಿ ಆಗ್ಯಾದ, ಡಾಕ್ಟರ್ ಮಾತಾಡಬ್ಯಾಡ ಅಂದಾರ” ಎಂದೆ. ಅಕ್ಕ ದಿನವೂ ಮೆಣಸು, ಶುಂಠಿ ಹಾಕಿ ಕಷಾಯ ಕುದಿಸಿ ಕುಡಿಸಿದಳು. ಮಗು ಮುಖ ಸಹ ಕಿವುಚದೆ ಕುಡಿಯಿತು. ಬಚ್ಚಲಿಗೆ ಹೋಗಬೇಕೆಂದು ಕೇಳಲಾಗದೆ ಒಮ್ಮೆ ನಿಂತಲ್ಲೇ ಒದ್ದೆ ಮಾಡಿಕೊಂಡಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಕ್ಕ ಊರಿಗೆ ಹೋದಳು. ಮಗಳು ಆಮೇಲೂ ಮಾತಾಡಲಿಲ್ಲ. ನಾನು ಬಾಳೆಹಣ್ಣು ತೋರಿಸಿ ಕೇಳಿದೆ, ಗದರಿಸಿದೆ, ಮುದ್ದಿಸಿದೆ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದಳೇ ಹೊರತು ತುಟಿ ತೆರೆಯಲಿಲ್ಲ. ಹಾಗೇ ತಿಂಗಳುಗಳು ಕಳೆದವು. ಡಾಕ್ಟರರು ಕಿವಿ, ಗಂಟಲು ಎಲ್ಲಾ ನೋಡಿ, “ಮನೆಯಲ್ಲಿ ಏನಾದರೂ ನಡೆಯಿತೇ?” ಎಂದು ಕೇಳಿದರು. “ಏನೂ ಇಲ್ಲ” ಎಂದೆ. ಹೊರಗೆ ಬಂದ ಮೇಲೆ ಹೆಂಡತಿ, “ಡಾಕ್ಟರ್ ಮುಂದೂ ಸುಳ್ಳೇನ್ರಿ? ಇನ್ನ ಯಾರಿಗಿ ಅಂಜತೀರಿ?” ಎಂದಳು.

ಕೊನೆಗೆ ಒಬ್ಬನೇ ಆಶ್ರಮಕ್ಕೆ ಹೋದೆ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಹಣೆ ಬಡಿದುಕೊಂಡಳು. ಮಗು ಬೇಕೆಂದು ಯಾರಾದರೂ ನೋಡಲು ಬಂದಾಗ ಅಲ್ಲಿ ಮಕ್ಕಳಿಗೆಲ್ಲ ಇದೇ ಮಾತು ಹೇಳುತ್ತಿದ್ದರಂತೆ: ಪಾಹುಣೆ ಬಂದಿದ್ದಾರೆ, ಗಪ್ಪ ಕೂತವರನ್ನು ಮನೆಗೆ ಕರೆದುಕೊಂಡು ಹೋಗುತ್ತಾರೆ, ಗದ್ದಲ ಮಾಡಿದವರನ್ನು ಬಿಟ್ಟು ಹೋಗುತ್ತಾರೆ. ನನ್ನ ಮಗಳು ನಮ್ಮ ಮನೆಯಲ್ಲಿ ಉಳಿಯಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದಳು.

ಮರುವಾರ ರಜೆ ಹಾಕಿ ಊರಿಗೆ ಹೋಗಿ ಅಕ್ಕನ ಮುಂದೆ ಎಲ್ಲ ಒಪ್ಪಿಕೊಂಡೆ.

“ಸೊಲ್ಲಾಪುರದ ಕೂಸಲ್ಲಂತ ನನಗ ಆವಾಗೇ ಗೊತ್ತಾತು ತಮ್ಮಾ. ನಿದ್ದಿಗಣ್ಣಾಗ ಬರೇ ಮರಾಠಿ ಕನವರಿಸ್ತಿತ್ತು,” ಎಂದಳು.

“ಮತ್ತ ಯಾಕ ಕೇಳಲಿಲ್ಲಾ?”

“ನೀ ಹೇಳತೀಯೇನಂತ ದಾರಿ ನೋಡಿದೆ. ಯಾವ ಜಾತಿ?”

“ಗೊತ್ತಿಲ್ಲ.”

ಅಕ್ಕ ಮೊರದಲ್ಲಿದ್ದ ಜೋಳವನ್ನೆಲ್ಲ ಹಸನು ಮಾಡಿ ಮುಗಿಸಿದಳು. ಆಮೇಲೆ, “ಆ ಕಷಾಯ ನಿನಗ ಕುಡಿಸಬೇಕಾಗಿತ್ತು ಭಾಡ್ಯಾ,” ಎಂದು ಎದ್ದು ಚೀಲಕ್ಕೆ ಸೀರೆ ತುಂಬಿಕೊಂಡಳು.

ಪುಣೆಗೆ ಬಂದವಳೇ ನೆಲದ ಮೇಲೆ ಕೂತು, ಆಳಂದದ ಸಂತೆಯಲ್ಲಿ ಕಲಿತ ಹರಕುಮುರಕು ಮರಾಠಿಯಲ್ಲಿ ಮಗುವಿನ ಕೂಡ ಹರಟೆಗಿಳಿದಳು. ನಾನೂ ಪಕ್ಕದಲ್ಲಿ ಕೂತು, ತಪ್ಪು ನನ್ನದು, ನೆಂಟರಿದ್ದರೂ ನೀನು ಮಾತಾಡಬಹುದು ಎಂದು ಮರಾಠಿಯಲ್ಲೇ ಹೇಳಿದೆ. ಆ ದಿನ ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಅಕ್ಕ ಊರಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ಮಗು ಅವಳ ಸೆರಗು ಹಿಡಿದುಕೊಂಡು, ನನ್ನನ್ನು ನೋಡುತ್ತ ಕೇಳಿತು: “ಮಲಾ ಪರತ ಪಾಠವಣಾರ ನಾಹಿ ನಾ?” ನನ್ನನ್ನು ವಾಪಸ್ ಕಳಿಸೋದಿಲ್ಲ ಅಲ್ಲ?

ಇಲ್ಲ ಎಂದೆ. ಸಂಜೆ ಮತ್ತೆ ಕೇಳಿದಳು. ಅಂಗಡಿಗೆ ಹೋಗುವಾಗ, ಸ್ನಾನ ಮಾಡಿಸುವಾಗ, ಯಾರಾದರೂ ಬಂದು ಹೋದ ಮೇಲೆ ಕೇಳುತ್ತಿದ್ದಳು. ಶಾಲೆಗೆ ಸೇರುವ ಹೊತ್ತಿಗೆ ಕನ್ನಡ ಕಲಿತು ಕನ್ನಡದಲ್ಲೂ ಕೇಳಿದಳು. ಪಾಳಿ ಮುಗಿಸಿ ಎಷ್ಟೇ ದಣಿದು ಬಂದಿದ್ದರೂ ನಾನು ಆ ಪ್ರಶ್ನೆಗೆ ಬೇಸರಪಡಲಿಲ್ಲ. ಕೂತು, ಅವಳ ಮುಖ ನೋಡಿ, ಇಲ್ಲ ಮಗಳೇ ಎನ್ನುತ್ತಿದ್ದೆ. ಯಾವಾಗ ಕೇಳುವುದನ್ನು ಬಿಟ್ಟಳೋ ನನಗೆ ತಿಳಿಯಲೇ ಇಲ್ಲ.