ಕೆರೆ ಉಪನ್ಯಾಸದ ವಂದನಾರ್ಪಣೆ

ನಂಬಬೇಡಿ, ನನಗೇನೂ ನಷ್ಟವಿಲ್ಲ. ಆದರೆ ವಂದನಾರ್ಪಣೆಯೆಂಬ, ಸಭಿಕರೆಲ್ಲ ಕಾಲಲ್ಲೇ ಚಪ್ಪಲಿ ತಡಕುವ ಹೊತ್ತಿನ ಆ ಬಡಪಾಯಿ ಭಾಷಣದಲ್ಲಿ, ಒಬ್ಬ ಮಹಾಪಂಡಿತರ ಕೊರಳ ಹಾರವನ್ನು ತೆಗೆಸಿ ಇನ್ನೊಬ್ಬನ ಕೊರಳಿಗೆ ಹಾಕಿಸಿದ ಗಂಡಸು ಚಿಕ್ಕಬಳ್ಳಾಪುರದ ಸೀಮೆಗೆಲ್ಲ ನಾನೊಬ್ಬನೇ.

ಐವತ್ತರ ದಶಕದ ಕೊನೆಯಲ್ಲಿ ನಮ್ಮೂರಲ್ಲೊಂದು ಚರಿತ್ರೆಯ ಸಂಘವಿತ್ತು. ಮಳೆಗಾಲ ಕಳೆದ ಮೇಲೆ ಭಾನುವಾರಗಳಂದು ಉಪನ್ಯಾಸ. ಒಮ್ಮೆ ಗೌರಿಬಿದನೂರಿನಲ್ಲಿ ಹಳೆಯ ನಾಣ್ಯಗಳು, ಒಮ್ಮೆ ಚಿಂತಾಮಣಿಯಲ್ಲಿ ಪಾಳೆಯಗಾರರು. ಶಿಡ್ಲಘಟ್ಟಕ್ಕೆ ರೇಷ್ಮೆಯ ಚರಿತ್ರೆ ಹೇಳಲು ಬಂದವರು ಇನ್ನೂ ಚೀನಾ ದೇಶದಿಂದ ಹೊರಡುವುದರೊಳಗೆ ಸಭಿಕರು ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದು ಹೋಗಿದ್ದರು. ಅಧ್ಯಕ್ಷರು ನಿವೃತ್ತ ಶಿರಸ್ತೇದಾರರು. ಶಾಲೆಯ ಗುಮಾಸ್ತನಾದ ನಾನು ಕಾರ್ಯದರ್ಶಿ ಮತ್ತು ಕಾಯಂ ವಂದನಾರ್ಪಕ. ‘ದಯಮಾಡಿ ಬಾರದೆ ಉಪಕರಿಸಿದ ಅಮಲ್ದಾರರಿಗೆ’ ಎಂದು ಗಂಭೀರವಾಗಿ ವಂದಿಸಿ, ಅಧ್ಯಕ್ಷರಿಗೆ ಅರ್ಥವಾಗುವುದರೊಳಗೆ ರಾಷ್ಟ್ರಗೀತೆ ಶುರುಮಾಡಿಸುತ್ತಿದ್ದ ಪ್ರತಿಭಾವಂತ.

ಆ ವರ್ಷ ಕೆರೆಗಳ ಬಗ್ಗೆ ಮಾತಾಡಲು ಬೆಂಗಳೂರಿನ ಪಂಡಿತರೊಬ್ಬರು ಒಪ್ಪಿದ್ದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ, ಯಾಕೆಂದರೆ ಹದಿನೈದು ದಿನ ಮುಂಚೆ ಅವರನ್ನು ಮಂಡಿಕಲ್ಲಿನ ಕಡೆಯ ಕೆರೆಯೊಂದಕ್ಕೆ ಕರೆದೊಯ್ದವನು ನಾನೇ. ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಪಿಳ್ಳಪ್ಪ ಎರಡು ದಿನ ನಮ್ಮನ್ನು ಏರಿಯ ಮೇಲೆ ನಡೆಸಿದ. ತೂಬಿನ ಕಂಬದ ಯಾವ ಗೀಟಿಗೆ ನೀರು ಇಳಿದರೆ ಭತ್ತದ ಆಸೆ ಬಿಟ್ಟು ರಾಗಿಗೆ ತಿರುಗಬೇಕು ಎಂಬುದರವರೆಗೆ ಎಲ್ಲವನ್ನೂ ಬಿಚ್ಚಿಟ್ಟ.

“ನೀರು ಕಮ್ಮಿ ಆದ ವರ್ಷ ಕೊನೇ ಗದ್ದೆಗೆ ಮೊದ್ಲು ಬಿಡ್ಬೇಕು ಸ್ವಾಮಿ. ತೂಬಿನ ಪಕ್ಕದೋನು ಹೆಂಗೂ ಕದ್ಕೊಂತಾನೆ,” ಎಂದ. ಪಂಡಿತರು ನಕ್ಕು ಬರೆದುಕೊಂಡರು.

ಹೊರಡುವಾಗ ನಾನು ದೊಡ್ಡಸ್ತಿಕೆಯಿಂದ ಅವನನ್ನು ಸಭೆಗೆ ಕರೆದೆ, ಎಲ್ಲರೆದುರು ನಿನ್ನ ಹೆಸರು ಹೇಳುತ್ತಾರೆ ಎಂದೆ. ಪಿಳ್ಳಪ್ಪ ತೂಬಿನ ಕಡೆ ಕೈ ತೋರಿಸಿದ.

“ನನ್ದು ಬಿಡಿ. ನಮ್ಮಪ್ಪನ ಹೆಸರು ಹೇಳ್ತಾರಾ? ಇದೆಲ್ಲ ಕಲ್ಸಿದ್ದು ಆಯಪ್ಪನೇ. ದೊಡ್ಡ ಮುನಿಯಪ್ಪ ಅಂತ.”

“ಹೇಳಿಸ್ತೀನಿ ಬಾರಪ್ಪ,” ಎಂದೆ.

ಆ ಭಾನುವಾರ ಪಿಳ್ಳಪ್ಪ ಒಗೆದ ಪಂಚೆಯುಟ್ಟು ಬೆಳಗಿನ ಬಸ್ಸಿಗೇ ಬಂದು, ಹಿಂದೆ ಬಾಗಿಲ ಬಳಿ ಜಮಖಾನದ ಅಂಚಿನಲ್ಲಿ ಕೂತ. ಪಂಡಿತರು ಒಂದೂವರೆ ಗಂಟೆ ಮಾತಾಡಿದರು. ಮಾತೆಲ್ಲ ಪಿಳ್ಳಪ್ಪನದೇ, ಮೇಲೊಂದು ಸಂಸ್ಕೃತದ ಜರಿಶಾಲು ಹೊದಿಸಿತ್ತು, ಅಷ್ಟೆ. ಕೊನೆಯ ಗದ್ದೆಯ ಸಂಗತಿಯನ್ನಂತೂ ‘ದೀರ್ಘ ಸಂಶೋಧನೆಯಿಂದ ನಾನು ಕಂಡುಕೊಂಡ ಜಲನ್ಯಾಯ’ ಎಂದರು. ಸಭೆಯೆಲ್ಲ ಚಪ್ಪಾಳೆ. ದೊಡ್ಡ ಮುನಿಯಪ್ಪನೂ ಇಲ್ಲ, ಪಿಳ್ಳಪ್ಪನೂ ಇಲ್ಲ, ‘ಗ್ರಾಮಸ್ಥರೊಬ್ಬರು’ ಎಂಬ ಒಂದು ಮಾತಿನ ಭಿಕ್ಷೆಯೂ ಇಲ್ಲ. ನೀವೇ ಹೇಳಿ, ಗದ್ದೆಗೆ ನೀರು ಕದ್ದವನಿಗೆ ನಮ್ಮ ಹಳ್ಳಿಗಳಲ್ಲಿ ದಂಡ ಹಾಕುತ್ತಾರೆ. ಮಾತು ಕದ್ದವರಿಗೆ ಹಾರ, ನಿಂಬೆಹಣ್ಣು, ಅಧ್ಯಕ್ಷರ ಮನೆಯಲ್ಲಿ ಹೋಳಿಗೆ ಊಟ!

ಅಧ್ಯಕ್ಷರ ಕಿವಿಯಲ್ಲಿ, ಹೆಸರು ಬಿಟ್ಟುಹೋಯಿತಲ್ಲ ಎಂದೆ.

“ಬೇಗ ಮುಗ್ಸಯ್ಯ,” ಎಂದರು. “ನೀರಗಂಟಿಗೆಲ್ಲ ವಂದನೆ ಹೇಳ್ತಾ ಕೂತ್ರೆ ಊಟ ಆರೋಗುತ್ತೆ.”

ನಾನೆದ್ದೆ. ಮೈಕು ಹಿಡಿದು, ಇಂದಿನ ಉಪನ್ಯಾಸ ಬಾಗಿಲ ಬಳಿ ಕೂತಿರುವ ಪಿಳ್ಳಪ್ಪನವರದು, ಅವರಿಗೆ ಕಲಿಸಿದವರು ಅವರ ತಂದೆ ದೊಡ್ಡ ಮುನಿಯಪ್ಪನವರು, ನಮ್ಮ ಪಂಡಿತರು ಅದನ್ನು ಸೊಗಸಾಗಿ ಓದಿದ್ದಾರೆ ಎಂದೆ. ಅಧ್ಯಕ್ಷರು ನನ್ನ ಪಂಚೆಯ ಚುಂಗು ಹಿಡಿದೆಳೆದರು, ನಾನು ಜಗ್ಗಲಿಲ್ಲ. ಪಂಡಿತರು ಕೆಂಪಾಗಿ, ಹಾರ ತೆಗೆದು, ತಾವೇ ನಡೆದುಹೋಗಿ ಪಿಳ್ಳಪ್ಪನ ಕೊರಳಿಗೆ ಹಾಕಿದರು.

ಇಷ್ಟೆಲ್ಲದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿ ಹೇಳಿದ್ದು: ನಾನು ಎದ್ದ ಮೇಲಿನದು. ಎದ್ದದ್ದು ನಿಜ, ಮೈಕು ಹಿಡಿದದ್ದೂ ನಿಜ. ಆಮೇಲೆ ಅಧ್ಯಕ್ಷರ ಮುಖ ನೋಡಿದೆ. ಪಂಡಿತರಿಗೆ, ಅಧ್ಯಕ್ಷರಿಗೆ, ಮೈಕಿನವರಿಗೆ, ಜಮಖಾನ ಕೊಟ್ಟವರಿಗೆ ವಂದಿಸಿದೆ. ಎಲ್ಲರೂ ನಕ್ಕರು, ಅಷ್ಟು ಸೊಗಸಾಗಿ ವಂದಿಸಿದೆ. ಇಷ್ಟು ವರ್ಷ ಪಂಡಿತರನ್ನೂ ಅಧ್ಯಕ್ಷರನ್ನೂ ಬೈದುಕೊಂಡು ಬಂದೆನಲ್ಲ, ಆ ಸಿಟ್ಟು ನನಗೇ ಸೇರಬೇಕಾದ ಕಾಗದ, ವಿಳಾಸ ಮಾತ್ರ ಅವರದು.

ಜನ ಕರಗಿದ ಮೇಲೆ ಪಿಳ್ಳಪ್ಪ ಹತ್ತಿರ ಬಂದು, ಹಿಂದೆ ಕೂತಿದ್ದರಿಂದ ಸರಿಯಾಗಿ ಕೇಳಿಸಲಿಲ್ಲ ಎಂದ.

“ನಮ್ಮಪ್ಪನ ಹೆಸರು ಹೇಳಿದ್ರಾ ಸ್ವಾಮಿ?”

“ಹೇಳಿದ್ರಪ್ಪ,” ಎಂದೆ.