ಬೆಳಕಿಗೆ ಹಿಡಿದ ಸೀಸೆ

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸಿ ಅದೊಂದನ್ನು ಬೆಳೆಸಿದ್ದು, ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನು ಹರಿಯದಂತೆ ಬಿಡಿಸಲು. ನಾವೆಲ್ಲ ಡಬ್ಬಿಯ ಜೊತೆಗೇ ಬಿಸಾಡುವ ಆ ಕಾಗದವನ್ನು ಅವರು ಗಾಜಿನ ಕೌಂಟರಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಗಿರಾಕಿ ಕಾಯುತ್ತಿದ್ದರೂ ಓದುತ್ತಿದ್ದರು. ಆರ್.ಟಿ. ನಗರದ ನಮ್ಮ ರಸ್ತೆಗೆಲ್ಲ ಅವರು ಮೆಡಿಕಲ್ ಅಂಕಲ್. ಅವಸರದವರು ಮುಂದಿನ ತಿರುವಿನ ಅಂಗಡಿಗೆ ಹೋಗುತ್ತಿದ್ದರು.

ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ ಅವರ ಮನೆ. ಅವರ ಹೆಂಡತಿ ನಮ್ಮಮ್ಮನ ಗೆಳತಿ. ಅಮ್ಮನಿಗೆ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅವಳ ಹೃದಯವೂ ಸೋತಿತ್ತು; ಆ ಮನೆಯ ಮೆಟ್ಟಿಲು ನಾಲ್ಕು ಹತ್ತಿ ಕೂತುಬಿಡುತ್ತಿದ್ದಳು. ಗಡ್ಡೆಯನ್ನು ಕುಗ್ಗಿಸುವ ಔಷಧಿ ಹೃದಯಕ್ಕೆ ಕೆಟ್ಟದ್ದು, ಹಾಗಾಗಿ ಅದನ್ನೇ ಕೊಬ್ಬಿನ ಪುಟ್ಟ ಚೀಲಗಳಲ್ಲಿ ತುಂಬಿದ ಬಗೆಯನ್ನು ಬರೆದಿದ್ದೇನೆ ಎಂದರು ಡಾಕ್ಟರು. ನ್ಯಾನೋ ಎಂಬ ಒಂದು ಮಾತು ಹೇಳಿ ಮುಂದಿನ ರೋಗಿಯನ್ನು ಕರೆದರು. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ನನಗೆ ತಲೆಬುಡ ತಿಳಿಯಲಿಲ್ಲ.

ಚೀಟಿ ನೋಡಿದ್ದೇ ತಡ, ಅಂಕಲ್ ಕಣ್ಣು ಅರಳಿತು. ನನಗೆ ಸಿಟ್ಟು ಬಂತು. ನಮ್ಮ ಸಂಕಟ ಇವರಿಗೆ ಕುತೂಹಲ. ಅವರು ಮಾತ್ರ ಮೇಲಿನಿಂದ ಎರಡು ಜರಡಿ, ಒಂದು ಹಿಡಿ ಸಾಸಿವೆ ತರಿಸಿದರು. ಕೂದಲಿನ ದಪ್ಪವನ್ನು ಹೆಚ್ಚುಕಡಿಮೆ ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್, ಈ ಚೀಲ ಅಂಥ ನೂರು ಪಾಲಿನಷ್ಟು ಎಂದರು. ಸಣ್ಣ ಕಣ್ಣಿನ ಜರಡಿಗೆ ಸಾಸಿವೆ ಸುರಿದರು. ಒಂದು ಕಾಳೂ ಇಳಿಯಲಿಲ್ಲ. ಇದು ಹೃದಯದ ರಕ್ತನಾಳವಂತೆ. ದೊಡ್ಡ ಕಣ್ಣಿನದಕ್ಕೆ ಸುರಿದಾಗ ಸಾಸಿವೆ ಕೌಂಟರ್ ತುಂಬ ಚೆಲ್ಲಾಡಿತು. ಇದು ಗಡ್ಡೆಯದು; ಅವಸರದಲ್ಲಿ ಬೆಳೆದದ್ದರಿಂದ ಅದರ ಗೋಡೆಯ ತುಂಬ ಸಂದಿ, ಚೀಲ ಅಲ್ಲೇ ಹೆಚ್ಚು ನುಸುಳಿ ಔಷಧಿ ಬಿಡುತ್ತದಂತೆ.

"ಹಾಗಾದ್ರೆ ಎಲ್ಲಿಗೆ ಹೋಗ್ಬೇಕು ಅಂತ ಔಷಧಿಗೆ ಗೊತ್ತಿರುತ್ತೆ" ಅಂದೆ.

"ಅದಕ್ಕೇನೂ ಗೊತ್ತಿಲ್ಲಮ್ಮಾ. ಸಂದಿ ಸಿಕ್ಕಿದ ಕಡೆ ನುಗ್ಗುತ್ತೆ, ಅಷ್ಟೇ. ಗೊತ್ತಿರ್ಬೇಕಾಗಿರೋದು ನಮಗೆ."

ಒಂದಷ್ಟು ಅಂಗೈ ಅಂಗಾಲಿಗೂ ಹೋಗಿ ಉರಿ ತರುತ್ತದೆ ಎಂದು ಕಾಗದದ ಮೂಲೆ ತೋರಿಸಿದರು. ಎರಡನೇ ಸಲ ಔಷಧಿ ಏರಿಸುವ ಹೊತ್ತಿಗೆ ಅಮ್ಮನ ಅಂಗೈ ಉರಿಯಿತು. ಮೊದಲೇ ಗೊತ್ತಿದ್ದದ್ದರಿಂದ ನಾವು ಗಾಬರಿಯಾಗದೆ ಡಾಕ್ಟರಿಗೆ ಹೇಳಿದೆವು.

ಮೂರನೇ ಸಲ ಅಮ್ಮ ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ನಾನು ಔಷಧಿಯ ಸೀಸೆ ಒಯ್ಯಲು ಅಂಗಡಿಗೆ ಓಡಿಬಂದೆ. ಅಂಕಲ್ ಅದನ್ನು ಫ್ರಿಜ್ಜಿನಿಂದ ತೆಗೆದು, ಎಂದಿನಂತೆ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರು. ಮುಖ ಸಪ್ಪಗಾಯಿತು. ಚೀಲದ ಔಷಧಿ ಕೆಂಪಾಗಿದ್ದರೂ ಮಬ್ಬಾಗಿರಬೇಕು. ಇದು ಶರಬತ್ತಿನ ಹಾಗೆ ತಿಳಿಯಾಗಿತ್ತು. ಚೀಲವಿಲ್ಲದ ಬರೀ ಔಷಧಿ. ಕೊಡಲಾರೆ ಎಂದರು.

ಎರಡರ ಹೆಸರೂ ಒಂದೇ ಅಲ್ಲವೇ ಎಂದು ರೇಗಿದೆ. ಅಮ್ಮ ಅಲ್ಲಿ ಕಾಯುತ್ತಿದ್ದಾಳೆ, ನಿಮಗಿದು ಭೂತಗನ್ನಡಿಯ ಆಟ ಎಂದು ನಾಲ್ಕು ಜನರೆದುರು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಕೇಳಿಸಿಕೊಂಡರು.

"ತಪ್ಪು ನಂದೇ ಕಣಮ್ಮಾ. ಫೋನಲ್ಲಿ ಆರ್ಡರ್ ಕೊಡೋವಾಗ ಚೀಲದ್ದು ಅಂತ ಬಿಡಿಸಿ ಹೇಳ್ಲಿಲ್ಲ. ಆದ್ರೆ ಇದನ್ನ ಮಾತ್ರ ಕೊಡಲ್ಲ."

ಅಲ್ಲಿದ್ದವರನ್ನೆಲ್ಲ ಕಳಿಸಿ ಶಟರ್ ಎಳೆದರು. ಗೊರಗುಂಟೆಪಾಳ್ಯದಾಚೆಯ ಸಗಟು ವ್ಯಾಪಾರಿಯ ಹತ್ತಿರ ಸರಿಯಾದದ್ದು ಇದೆಯೆಂದು ತಿಳಿದು ಆಟೋ ಹತ್ತಿದರು. ಆ ಟ್ರಾಫಿಕ್ಕಿನಲ್ಲಿ ಹೋಗಿ, ಸಂಜೆ ನಾಲ್ಕಕ್ಕೆ ಅವರೇ ವಾರ್ಡಿಗೆ ಬಂದರು. ಅಂಗಿಯೆಲ್ಲ ಬೆವರು, ಎದೆಗೆ ಅವುಚಿಕೊಂಡ ಐಸ್ ಡಬ್ಬಿ. ಒಳಗೆ ಸೀಸೆ ಟವೆಲಿನಲ್ಲಿ ಸುತ್ತಿತ್ತು. ಹೆಪ್ಪುಗಟ್ಟಿದರೆ ಚೀಲ ಹಾಳಾಗುತ್ತದೆ, ಐಸ್ ತಾಕಬಾರದು ಎಂದರು. ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಮಬ್ಬು ಕೆಂಪು. ಆ ಇನ್ನೊಂದು ಮೈಗೆ ಹೋಗಿದ್ದರೆ ನಿಮ್ಮಮ್ಮನ ಹೃದಯ ತಡೆಯುತ್ತಿತ್ತು ಎಂದು ಹೇಳಲಾರೆ ಎಂದರು, ಆಮೇಲೆ ವಿಷಯ ಕೇಳಿದ ಡಾಕ್ಟರು.

ಅಮ್ಮನ ಗಡ್ಡೆ ಕರಗಿತು, ಹೃದಯವೂ ನಿಧಾನಕ್ಕೆ ಚೇತರಿಸಿಕೊಂಡಿತು. ಕ್ಷಮಿಸಿ ಎನ್ನಲು ಎಷ್ಟೋ ಸಲ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೊಸ ಕಾಗದವೊಂದನ್ನು ಮುಂದಿಟ್ಟು, ಕೆಲಸ ಮುಗಿದ ಮೇಲೆ ಆ ಚೀಲ ಏನಾಗುತ್ತೆ, ಕೊಬ್ಬನ್ನ ದೇಹ ಬಳಸ್ಕೊಳ್ಳುತ್ತಾ ಎಂದು ಶುರು ಮಾಡುತ್ತಿದ್ದರು. ಹಳಗನ್ನಡದವಳು ಅದಕ್ಕೆಲ್ಲ ಉತ್ತರ ಹುಡುಕಲು ಕಲಿತೆ.

ಹೋದ ವರ್ಷ ಅವರೇ ಹಾಸಿಗೆ ಹಿಡಿದರು. ಕಣ್ಣು ಮಂಜಾಗಿತ್ತು. ಇಂದು ಹೇಳಿಯೇ ಬಿಡಬೇಕೆಂದು ಹೋದರೆ, ದಿಂಬಿನಡಿಯಿಂದ ತಮ್ಮ ಮಾತ್ರೆಯ ಕಾಗದ ತೆಗೆದು ಕೈಗಿಟ್ಟರು. "ಓದಮ್ಮಾ. ಕೊನೆ ಸಾಲಿನ ತನಕ." ಓದಿದೆ. ಮುಗಿಯುವ ಹೊತ್ತಿಗೆ ಅವರಿಗೆ ನಿದ್ದೆ ಬಂದಿತ್ತು. ಹತ್ತು ದಿನಕ್ಕೆ ತೀರಿಕೊಂಡರು.

ತಿಥಿಯ ದಿನ ಅಮ್ಮನನ್ನು ಕರೆದುಕೊಂಡು ಹೋದೆ. ಅವಳ ತೋಳು ಹಿಡಿಯಲು ಹೋದರೆ ಬೇಡವೆಂದಳು. ಎರಡು ಮಹಡಿಯ ಮೆಟ್ಟಿಲು. ಬಾಗಿಲಲ್ಲಿ ಅಂಕಲ್ ಹೆಂಡತಿ ನಿಂತು ಅವಳು ಹತ್ತುವುದನ್ನೇ ನೋಡುತ್ತಿದ್ದರು.

"ಎಲ್ಲೂ ಕೂರದೇ ಬಂದ್ರಾ?" ಅಂದರು.

"ಹೂಂ ಕಣ್ರೀ. ಕೂರ್ಲಿಲ್ಲ" ಅಂದಳು ಅಮ್ಮ.

ಅಲ್ಲಿಯವರೆಗೆ ಅಳದಿದ್ದ ಅವರು ಅಮ್ಮನ ಎದೆಗೆ ತಲೆಯಿಟ್ಟು ಅತ್ತರು.