ದಿಲ್ಲಿಗೆಂದು ಹತ್ತಿದ ಬೆಟ್ಟ

ಮೊನ್ನೆ ಸಂಜೆ ಎಳ್ಳೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಒಂದಿಷ್ಟು ಓಮ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದೆ. ಆ ವಾಸನೆ ನಿಮಗೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿಮ್ಮ ಮಂಡಿಗಳು ಇನ್ನೂ ಚೆನ್ನಾಗಿವೆ ಎಂದರ್ಥ, ಸಂತೋಷ. ಒಳಕೋಣೆಯಿಂದ ನಮ್ಮತ್ತೆಯ ದನಿ ಬಂತು.

“ಯಾರ ಮಂಡಿಗವ್ವ ಅದು?”

“ನಂದೇ ಅತ್ತೆ.”

“ಓಹೋ, ನೀನೂ ಡೆಲ್ಲಿಗೆ ಹೊಂಟೆ ಅನ್ನು” ಎಂದು ನಕ್ಕರು. ಅತ್ತೆಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜಾಗಿದೆ, ಮೂಗು ಮಾತ್ರ ಮೊದಲಿನಷ್ಟೇ ಚುರುಕು. ಮಂಡಿಗೆ ಹಚ್ಚುವ ಎಣ್ಣೆಗೂ ದೇಶದ ರಾಜಧಾನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅವೆರಡೂ ಒಂದೇ ವಾಸನೆ.

ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನನ್ನ ತವರು ಆಲೂರು ತಾಲ್ಲೂಕಿನ ಪಾಳ್ಯದ ಕಡೆ, ರಾಗಿ ಬತ್ತದ ಸೀಮೆ. ಕಾಫಿಯವರ ಮನೆಯ ಲೆಕ್ಕಾಚಾರವೇ ಬೇರೆ ಎಂದು ಬಂದಮೇಲೆ ತಿಳಿಯಿತು. ಇಲ್ಲಿ ಮದುವೆ, ನೆಂಟಸ್ತನ, ಹಲ್ಲು ಕೀಳಿಸುವುದು ಎಲ್ಲವೂ ಕಾಫಿ ಗಿಡವನ್ನು ಕೇಳಿಯೇ ಆಗಬೇಕು. ಕೊಯ್ಲು ಮುಗಿದು, ಒಣಗಿದ ಕಾಫಿ ಕಣದಿಂದ ಸ್ಟೋರ್ ಸೇರಿ, ಗಿಡಕ್ಕೆ ಹೂ ಬಿಡಿಸುವ ಹೂಮಳೆ ಬರುವ ಮುನ್ನ ಒಂದು ಸಣ್ಣ ಬಿಡುವು ಸಿಗುತ್ತದೆ. ಎಲ್ಲಾದರೂ ಹೋಗಿಬರುವುದಿದ್ದರೆ ಅಷ್ಟರಲ್ಲೇ. ಕಾಫಿಗೆ ಒಳ್ಳೆಯ ರೇಟು ಬಂದ ಒಂದು ವರ್ಷ, ಆ ಬಿಡುವಿನಲ್ಲಿ ದಿಲ್ಲಿ ನೋಡಿಬರುವುದೆಂದು ನಮ್ಮ ಮಾವ ಘೋಷಿಸಿದರು.

ದಿಲ್ಲಿಯಲ್ಲಿ ಉಳಿಯುವುದು ನಾಲ್ಕೇ ದಿನ. ಯೋಜನೆ ನಡೆದದ್ದು ಮಾತ್ರ ಇಡೀ ಕೊಯ್ಲಿನ ಕಾಲ. ಬೆಳಗೋಡಿನಲ್ಲಿ ಮಿಲಿಟರಿಯಿಂದ ನಿವೃತ್ತರಾದ ನೆಂಟರೊಬ್ಬರಿದ್ದರು. ಮಾವ ಅವರನ್ನು ಜೀಪಿನಲ್ಲಿ ಕರೆತಂದು, ರೊಟ್ಟಿ ಊಟ ಹಾಕಿಸಿ, ದಿಲ್ಲಿಯ ಚಳಿಯ ಬಗ್ಗೆ, ಹಿಂದಿಯ ಬಗ್ಗೆ, ಜೇಬುಗಳ್ಳರ ಬಗ್ಗೆ ವಿಚಾರಿಸಿಕೊಂಡರು. ಅಲ್ಲಿ ಎಲ್ಲರೂ ಟೀ ಕುಡಿಯುತ್ತಾರೆಂದು ಕೇಳಿ ನಿಜವಾಗಿ ಗಾಬರಿಯಾಗಿ, ಮನೆಯ ಕಾಫಿಪುಡಿಯನ್ನೂ ಹಿತ್ತಾಳೆಯ ಫಿಲ್ಟರನ್ನೂ ಅಂದೇ ಚೀಲಕ್ಕೆ ಹಾಕಿಸಿದರು. ಓಡುವ ರೈಲಿನಲ್ಲಿ ಲಿಂಗಪೂಜೆಗೆ ನೀರು ಎಲ್ಲಿಂದ ಎಂಬ ಪ್ರಶ್ನೆ ಎರಡು ಸಂಜೆಗಳನ್ನು ತಿಂದಿತು. ಕೇಳಲು ನೆನಪಾಗದೆ ಉಳಿದದ್ದು ಒಂದೇ ಒಂದು ವಿಷಯ. ಅದನ್ನು ಹೇಳುತ್ತೇನೆ, ನಗಬೇಡಿ.

ಕೆಂಪು ಕೋಟೆ ಬೆಟ್ಟದ ಮೇಲಿದೆ ಎಂದು ನಾವೆಲ್ಲ ನಂಬಿದ್ದೆವು.

ದಿಲ್ಲಿ ಕಂಡವರು ಆಗಲೇ ನಗುತ್ತಿರಬಹುದು. ಆದರೆ ನಮ್ಮ ಕಡೆಯಿಂದಲೂ ಸ್ವಲ್ಪ ನೋಡಿ. ನಾವು ಹುಟ್ಟಿದಾಗಿನಿಂದ ಕಂಡ ಕೋಟೆ ಸಕಲೇಶಪುರದ ಮಂಜರಾಬಾದ್ ಕೋಟೆ. ಅದಿರುವುದು ಬೆಟ್ಟದ ನೆತ್ತಿಯಲ್ಲಿ, ಮೆಟ್ಟಿಲು ಮೆಟ್ಟಿಲು ಹತ್ತಿಯೇ ಹೋಗಬೇಕು. ಕೋಟೆ ಬೆಟ್ಟದ ಮೇಲಿದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಹೊಳೆಯಲ್ಲಿ ನೀರಿದೆಯೇ ಎಂದು ಕೇಳಿದಂತಾಗುತ್ತದೆ. ಸಾಲದ್ದಕ್ಕೆ ಟಿವಿಯ ಸಾಕ್ಷಿಯೂ ಇತ್ತು. ಪ್ರತಿ ಆಗಸ್ಟ್ ಹದಿನೈದಕ್ಕೆ ಪ್ರಧಾನಿಗಳು ಎಲ್ಲೋ ಎತ್ತರದಲ್ಲಿ ನಿಂತು ಮಾತಾಡುತ್ತಿದ್ದರು, ಜನ ದೂರ ಕೆಳಗಿರುತ್ತಿದ್ದರು. ಆ ಮಳೆಗಾಲದಲ್ಲಿ ನಮ್ಮ ಆಂಟೆನಾಗೆ ಸಿಗುತ್ತಿದ್ದುದೇ ಮಸುಕು ಚಿತ್ರ. ಆ ಮಸುಕನ್ನೂ ನಾವು ಬೆಟ್ಟದ ಮಂಜು ಎಂದುಕೊಂಡೆವು. ನಾನಾದರೋ ಹಾಸನದ ಕಾಲೇಜಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದವಳು. ಕೋಟೆ ಕಟ್ಟಿಸಿದ ಬಾದಶಹನ ಅಪ್ಪನ ಹೆಸರು, ಅಜ್ಜನ ಹೆಸರು ಎಲ್ಲ ಬಾಯಿಪಾಠ. ಕೋಟೆಯ ಬುಡದಲ್ಲಿ ಏನಿದೆ ಎಂದು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ.

ಆ ಕೋಟೆಯೇ ಮಾವನ ದಿಲ್ಲಿ. ಪ್ರಧಾನಿ ಮಾತಾಡುವ ಜಾಗದಲ್ಲಿ ಒಮ್ಮೆ ನಿಲ್ಲಬೇಕು ಎನ್ನುವುದು ಅವರ ಬಹುಕಾಲದ ಆಸೆ. ಮೊದಲ ದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಹತ್ತುವುದೆಂದು ತೀರ್ಮಾನವೂ ಆಗಿತ್ತು. ಅತ್ತೆಗೂ ಹೋಗುವ ಆಸೆ. ಕೊಯ್ಲಿಗೆ ಬಂದ ಆಳುಗಳ ಹತ್ತಿರವೆಲ್ಲ ಹೇಳಿಕೊಂಡು ಓಡಾಡುತ್ತಿದ್ದರು. ಒಂದು ಸಂಜೆ ಜಗಲಿಯಲ್ಲಿ ಮಾವ ಎಲ್ಲರೆದುರು ಅಂದುಬಿಟ್ಟರು.

“ನಿನ್ನ ಮಂಡಿ ಕಟ್ಕೊಂಡು ಕೋಟೆ ಹೆಂಗೆ ಹತ್ತೀಯೇ? ಬುಡದಲ್ಲಿ ಕೂತ್ಕಳಕ್ಕೆ ಅಷ್ಟು ದೂರ ಬರ್ಬೇಕಾ? ನೀನು ಮನೇಲಿರು. ನಾನೂ ಮಗನೂ ಹೋಗಿ ಬತ್ತೀವಿ.”

ಅತ್ತೆಯ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ಹೊಸ ಸೊಸೆ, ಬಾಯಿ ಬಿಡುವಂತಿಲ್ಲ. ನನ್ನ ಗಂಡ ಎಂದಿನಂತೆ ಪೇಪರಿನ ಹಿಂದೆ ಅಡಗಿಕೊಂಡರು. ಅತ್ತೆ ಎದ್ದು ಒಳಗೆ ಹೋದರು, ಒಂದು ಗಳಿಗೆ ಬಿಟ್ಟು ವಾಪಸ್ ಬಂದರು.

“ಮಂಜರಾಬಾದ್ ಹತ್ತಿ ತೋರಿಸ್ತೀನಿ. ಆಮೇಲೆ ಕರ್ಕೊಂಡು ಹೋಗ್ತೀರೇನ್ರೀ?”

ಮಾವ ನಕ್ಕರು. “ಅದನ್ನ ಹತ್ಬುಟ್ರೆ ಡೆಲ್ಲಿದೇನು ಮಹಾ? ಬಾ.”

“ಹಂಗಾದ್ರೆ ನೀವೂ ಜೊತೇಲಿ ಹತ್ಬೇಕು. ಕಣ್ಣಲ್ಲಿ ನೋಡ್ದೆ ನೀವು ನಂಬೋರಲ್ಲ.”

ಅಂದಿನಿಂದ ಶುರುವಾಯಿತು ಎಣ್ಣೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನು ಅತ್ತೆಯ ಮಂಡಿ ತಿಕ್ಕುವುದು. ಬೆಳಿಗ್ಗೆ ಅವರು ಮನೆಯಿಂದ ಆಳುಗಳ ಲೈನ್ ಮನೆಗಳವರೆಗಿನ ಏರನ್ನು ಹತ್ತಿ ಇಳಿಯುವುದು. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಮೊದಲ ವಾರ ಭಯವೇ ಆಗಿತ್ತು, ಅಮ್ಮಾವ್ರು ಕೆಲಸ ನೋಡಲು ಬರುತ್ತಿದ್ದಾರೆಂದು. ಅತ್ತೆ ನೋವನ್ನು ಬಾಯಿಬಿಟ್ಟು ಹೇಳುವವರಲ್ಲ. ನನ್ನ ಬೆರಳು ಗಂಟಿನ ಮೇಲೆ ಹೋದಾಗ ಉಸಿರು ಎಳೆದುಕೊಳ್ಳುತ್ತಿದ್ದರು, ಅಷ್ಟೇ. ಇಷ್ಟೊಂದು ಹಟವೇ ಒಂದು ಊರು ನೋಡಲು ಎಂದು ನನಗೆ ಆಶ್ಚರ್ಯ. ಅವರು ಗೆಲ್ಲಲಿ ಎಂದು ಒಳಗೊಳಗೇ ಹರಕೆಯನ್ನೂ ಹೊತ್ತಿದ್ದೆ.

ಕೊಯ್ಲು ಮುಗಿದ ವಾರ ಮಂಜರಾಬಾದಿಗೆ ಹೊರಟೆವು. ಗಂಡ ಕಣದಲ್ಲಿ ಕಾಫಿ ಕಾಯಲು ಉಳಿದರು. ಮಾವನೇ ಜೀಪು ಓಡಿಸಿದರು. ಅತ್ತೆ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ನಿಂತು, ಮತ್ತೆ ಎತ್ತಿ ಹತ್ತುತ್ತಿದ್ದರು. ಮಾವ ಮುಂದೆ ಹೋಗುವುದು, ಹಿಂದೆ ತಿರುಗಿ ಕಾಯುವುದು, “ಸಾಕೇನೇ?” ಎನ್ನುವುದು. “ನಡೀರಿ ನಡೀರಿ” ಎಂದು ಅತ್ತೆ. ಅರ್ಧ ದಾರಿ ಕಳೆದಿತ್ತೇನೋ, ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಣೆ ತುಂಬ ಬೆವರು, ತುಟಿಯಲ್ಲಿ ಬಣ್ಣವೇ ಇರಲಿಲ್ಲ. “ಚಪ್ಪಲಿ ಕಚ್ತಾ ಐತೆ” ಅಂದರು. ಚಪ್ಪಲಿ ಕಚ್ಚಿದವರು ಎದೆ ಹಿಡಿದುಕೊಳ್ಳುವುದನ್ನು ನಾನು ಕಂಡಿರಲಿಲ್ಲ.

ಅತ್ತೆ ಗಾಬರಿಯಾಗಲಿಲ್ಲ. ಪಕ್ಕದಲ್ಲಿ ಕೂತು ಸೆರಗಿನಿಂದ ಅವರ ಹಣೆ ಒರೆಸಿದರು, ನೀರು ಕುಡಿಸಿದರು, ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಎಷ್ಟೋ ಹೊತ್ತಿಗೆ ಮಾವನ ಉಸಿರು ತಹಬಂದಿಗೆ ಬಂತು.

“ನೀನು ಹೋಗಿ ಬಾ. ಇಷ್ಟು ಹತ್ತಿದೀಯ, ಪೂರ್ತಿ ಮಾಡು. ನಾನು ಇಲ್ಲೇ ಇರ್ತೀನಿ.”

ಮೇಲೆ ಹೋದದ್ದು ಅತ್ತೆ ಮತ್ತು ನಾನು. ಕೋಟೆಯ ಆಕಾರ ನಕ್ಷತ್ರದ ಹಾಗೆ ಎನ್ನುತ್ತಾರೆ, ಒಳಗೆ ನಿಂತವರಿಗೆ ಬರೀ ಗೋಡೆ ಕಾಣುತ್ತದೆ. ಆದರೆ ಆ ಗೋಡೆಯ ಮೇಲಿಂದ ಪಶ್ಚಿಮಕ್ಕೆ ನೋಡಿದೆ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಕಡೆಯದು ಆಕಾಶವೋ ಬೆಟ್ಟವೋ ತಿಳಿಯದು. ಕಣಿವೆಗಳಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ನಾವು ಜಗಳವಾಡುವ, ಅಡಿಗೆ ಮಾಡುವ, ಬೇಲಿ ಹಾಕಿಕೊಳ್ಳುವ ನೆಲವೆಲ್ಲ ಆ ಮಂಜಿನ ಕೆಳಗೆಲ್ಲೋ ಇತ್ತು. ಕೈಮುಗಿಯಬೇಕೆನಿಸಿ ಮುಗಿದೆ. ಅತ್ತೆಯೂ ಒಮ್ಮೆ ಕಣ್ಣರಳಿಸಿ ನೋಡಿ, “ಅಯ್ಯೋ ಶಿವನೇ, ಇಷ್ಟು ಹತ್ರದಲ್ಲಿತ್ತಾ ಇದು!” ಎಂದರು. ಆಮೇಲೆ ಮೆಟ್ಟಿಲ ಕಡೆಯ ಗೋಡೆಗೆ ಹೋಗಿ, ಬಗ್ಗಿ, ಕೆಳಗೆ ಮಾವನನ್ನು ಹುಡುಕಿ ಕೈಬೀಸಿದರು. ಗೆದ್ದ ಹೆಮ್ಮೆ ತೋರಿಸುತ್ತಿದ್ದಾರೆ ಎಂದುಕೊಂಡೆ.

ಅಲ್ಲಿಂದ ಜೀಪು ಮನೆಗೆ ಹೋಗಲಿಲ್ಲ. ಅತ್ತೆ ಪಟ್ಟು ಹಿಡಿದು, ಸಕಲೇಶಪುರದಿಂದ ಒಬ್ಬ ಡ್ರೈವರನ್ನು ಕರೆಸಿಕೊಂಡು, ನೇರ ಹಾಸನದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಎದೆ ಪರೀಕ್ಷೆ ಮಾಡಿದರು, ಮಾತ್ರೆ ಬರೆದರು. ಕೆಲವು ವಾರ ಬಿಟ್ಟು ಪ್ರಯಾಣ ಮಾಡಬಹುದು, ಏರು ಮಾತ್ರ ಹತ್ತುವಂತಿಲ್ಲ ಎಂದರು. ಮಾವ ದಿಲ್ಲಿಯೇ ಬೇಡ ಎಂದು ಮುಖ ತಿರುಗಿಸಿ ಕೂತರು. ಅತ್ತೆ ಬಿಡಲಿಲ್ಲ.

“ಮಕ್ಳು ಹತ್ತಿ ಬರ್ಲಿ. ನಾವಿಬ್ರೂ ಬುಡದಲ್ಲಿ ಕೂರಾಣ. ಇಬ್ರಿದ್ರೆ ಬೇಜಾರಾಗಲ್ಲ ಕಣ್ರೀ.”

ಹಾಗೆ ಕೊನೆಗೆ ನಾಲ್ವರೂ ಹೊರಟೆವು. ರೈಲು, ಚಳಿ, ಫಿಲ್ಟರ್ ಕಾಫಿಗೆ ಹೋಟೆಲಿನವನ ಹತ್ತಿರ ಬಿಸಿನೀರು ಕೇಳಿದ ಕಥೆ, ಅವೆಲ್ಲ ಇನ್ನೊಂದು ರಾಮಾಯಣ. ಮೊದಲ ದಿನ ಬೆಳಿಗ್ಗೆ ಆಟೋ ನಿಂತಿತು. ಎದುರಿಗೆ ಕೆಂಪು ಗೋಡೆ. ಎಡಕ್ಕೆ ನೋಡಿದರೂ ಮುಗಿಯದು, ಬಲಕ್ಕೆ ನೋಡಿದರೂ ಮುಗಿಯದು. ಮಾವ ಆಕಾಶದ ಕಡೆ ಕತ್ತೆತ್ತಿ ಏನನ್ನೋ ಹುಡುಕಿದರು, ಗೋಡೆಯ ಬುಡ ನೋಡಿದರು, ಮತ್ತೆ ನಮ್ಮನ್ನು ನೋಡಿದರು.

“ಬೆಟ್ಟ ಎಲ್ಲೋ?” ಎಂದು ಮಗನನ್ನು ಕೇಳಿದರು. ನನ್ನ ಗಂಡನ ಬಳಿ ಅಡಗಲು ಪೇಪರಿರಲಿಲ್ಲ.

“ರೀ, ನಮ್ಮ ಕಣದಂಗೆ ಮಟ್ಟಸವಾಗೈತಲ್ರೀ!” ಎಂದು ಅತ್ತೆ ಕೂಗಿದರು. “ಬೆಟ್ಟದ ಆಸರೆನೂ ಇಲ್ದೆ ಬಯಲಲ್ಲೇ ಕೂತವ್ನಲ್ರೀ ರಾಜ! ಎಷ್ಟು ಧೈರ್ಯ ಇದ್ದಿರ್ಬೇಕು!”

ನಾವು ನಕ್ಕ ನಗೆಗೆ ಆಟೋದವನು ಬಾಡಿಗೆ ಕೇಳುವುದನ್ನೂ ಮರೆತ. ನಗುತ್ತ ನಗುತ್ತಲೇ ಮಾವನ ಕಣ್ಣು ತುಂಬಿತು. ಅವರಿಬ್ಬರೂ ಆ ದೊಡ್ಡ ಬಾಗಿಲಿನೊಳಗೆ ಜೊತೆಯಾಗಿ ನಡೆದುಹೋದರು. ಕಂಬಗಳ ಸಭಾಂಗಣದಲ್ಲಿ ಮಾವ ಕಲ್ಲನ್ನು ಮುಟ್ಟಿ ಮುಟ್ಟಿ ನೋಡಿದರು. ಎಷ್ಟೋ ದೊರೆಗಳು ಬಂದು ಹೋದ ನೆಲದ ಮೇಲೆ ಕಾಫಿ ಕಣದ ಧೂಳು ಮೆತ್ತಿದ ನಮ್ಮ ಚಪ್ಪಲಿಗಳೂ ನಡೆಯುತ್ತಿವೆ ಎಂಬುದನ್ನು ನೆನೆದು ನನಗೆ ಮೈ ಜುಮ್ಮೆಂದಿತು. ಮಾವ ಅದಾದ ಮೇಲೂ ಬಹಳ ವರ್ಷ ಬಾಳಿದರು, ಆಗಸ್ಟ್ ಬಂದಾಗಲೆಲ್ಲ ಟಿವಿಯ ಮುಂದೆ ಕೂತು, ಅಲ್ಲಿ ಬೆಟ್ಟವಿಲ್ಲ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು.

ಇದೆಲ್ಲ ನೆನಪಾಗಿ ಮೊನ್ನೆ ಅತ್ತೆಯ ಹತ್ತಿರ ಹೋಗಿ ಕೂತು ಕೇಳಿದೆ. “ಅತ್ತೆ, ಅವತ್ತು ಮಾವ ಹಂಗೆ ಕುಸಿದಾಗ ನೀವು ಹೆದರಲೇ ಇಲ್ಲವಲ್ಲ. ಮೊದಲೇ ಗೊತ್ತಿತ್ತಾ?”

“ಪಕ್ಕದಲ್ಲಿ ಮಲಗೋಳಿಗೆ ಉಸಿರು ಗೊತ್ತಾಗಲ್ವೇನವ್ವ? ಆ ವರ್ಷ ಕೆಳಗಿನ ತೋಟಕ್ಕೆ ನಡ್ಕಂಡು ಹೋಗದು ಬಿಟ್ಬುಟ್ಟಿದ್ರು. ಕೇಳಿದ್ರೆ ಏನೂ ಇಲ್ಲ ಅನ್ನೋರು. ಡಾಕ್ಟ್ರು ಅಂದ್ರೆ ರೇಗೋರು.”

“ಗೊತ್ತಿದ್ದೂ ಬೆಟ್ಟ ಹತ್ತಿಸಿದ್ರಾ?”

“ಇನ್ನೇನು ಮಾಡ್ಲಿ? ನಾನು ಮನೇಲಿ ಕೂತಿದ್ರೆ ಅವ್ರು ಡೆಲ್ಲಿಲಿ ಹೋಗಿ ಹತ್ತೋರು. ಇಲ್ಲೇ ಹತ್ತಿದ್ರೆ ಜೊತೇಲಿ ನಾನಿರ್ತೀನಿ. ನನ್ನ ಮಂಡಿಗೆ ಕಾಯ್ಕಂಡು ಕಾಯ್ಕಂಡು ನಿಧಾನಕ್ಕೆ ಹತ್ತಿದ್ರು. ಒಬ್ರೇ ಆಗಿದ್ರೆ ಒಂದೇ ಉಸಿರಿಗೆ ಹತ್ತೋರು.”

ಅಷ್ಟು ವರ್ಷ ಆ ಹಟವನ್ನು ಊರು ನೋಡುವ ಆಸೆ ಎಂದೇ ನಾನು ತಿಳಿದಿದ್ದೆ. ಆ ಮಂಡಿಗಳನ್ನು ದಿನಾ ತಿಕ್ಕಿದವಳು ನಾನೇ. ದಿಲ್ಲಿಯ ಗೋಡೆಯ ಮುಂದೆಯೂ ನನಗೆ ನಾನು ಅಷ್ಟು ಚಿಕ್ಕವಳೆನಿಸಿರಲಿಲ್ಲ.

ಅತ್ತೆ ನನ್ನ ಕಡೆ ತಿರುಗಿ, “ನಿನ್ ಗಂಡನ ಉಸಿರು ಹೆಂಗೈತವ್ವ? ಕೇಳಿಸ್ಕಂತೀಯ ತಾನೆ?” ಅಂದರು.

ನನ್ನ ಗಂಡ ತೋಟದಿಂದ ಮರಳುವ ಹೊತ್ತಾಗಿತ್ತು. ಎದ್ದು ಬಾಗಿಲಿಗೆ ಹೋದೆ. ಅಂಗಳದ ಮೆಟ್ಟಿಲುಗಳನ್ನು ಅವರು ಹೇಗೆ ಹತ್ತಿ ಬರುತ್ತಾರೆ ಎಂದು, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ, ನಿಂತು ನೋಡಿದೆ.